ಹೊಗೆಯಿಲ್ಲದ ಕಾರಿನ ಧೂಳು

ವಿದ್ಯುತ್ತಿನಿಂದ ಓಡುವ ಕಾರಿಗೆ ಹೊಗೆಕೊಳವೆಯಿಲ್ಲ. ಆದ್ದರಿಂದ ಅದು ಮಾಲಿನ್ಯವನ್ನೇ ಉಂಟುಮಾಡುವುದಿಲ್ಲವೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ನಂಬಿಕೆಯ ಅರ್ಧ ಭಾಗ ಸತ್ಯ. ಪೆಟ್ರೋಲು, ಡೀಸೆಲ್ಲುಗಳ ಹೊಗೆ ಊರಿನ ಗಾಳಿಯಿಂದ ತೊಲಗುವುದು ಸಣ್ಣ ಲಾಭವೇನಲ್ಲ. ಉಳಿದ ಅರ್ಧ ಭಾಗವನ್ನು ತಿಳಿಯಬೇಕಾದರೆ ಕಾರಿನ ಹಿಂಭಾಗವನ್ನಲ್ಲ, ಅದರ ಚಕ್ರಗಳನ್ನು ನೋಡಬೇಕು. ಕಾರಿನ ಇಡೀ ಭಾರ, ವೇಗ ಮತ್ತು ತಿರುವಿನ ಒತ್ತಡವನ್ನು ನೆಲಕ್ಕೆ ದಾಟಿಸುವುದು ಹೆಚ್ಚು ಕಡಿಮೆ ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳು. ಅಲ್ಲಿ ರಬ್ಬರು ಸವೆಯುತ್ತದೆ. ಸವೆದದ್ದು ಎಲ್ಲಿಗೆ ಹೋಗುತ್ತದೆಂದು ಕೇಳುವವರು ವಿರಳ.

ಸವೆದ ಟೈರನ್ನು ತೆಗೆದು ಹೊಸದನ್ನು ಹಾಕಿಸುವ ಕೆಲಸವನ್ನು ಕಾರಿನ ಒಡೆಯ ಮತ್ತು ಅಂಗಡಿಯವನ ನಡುವಿನ ವ್ಯವಹಾರವೆಂದು ಭಾವಿಸಲಾಗಿದೆ. ವಾಸ್ತವದಲ್ಲಿ ಅದರಲ್ಲಿ ಮೂರನೆಯ ಪಾಲುದಾರರೂ ಇದ್ದಾರೆ. ರಸ್ತೆಯ ಬದಿಯಲ್ಲಿ ಹೊಲ, ಬಾವಿ, ಕೆರೆಗಳಿರುವ ಹಳ್ಳಿಗರೇ ಆ ಪಾಲುದಾರರು. ಆಯ್ಕೆ ನಡೆಯುವುದು ನಗರದಲ್ಲಿ, ಅದರ ಲೆಕ್ಕ ತೀರುವುದು ಹಳ್ಳಿಯ ಮಣ್ಣಿನಲ್ಲಿ.

ಹಗುರ ಕಾರಿನಿಂದ ಭಾರದ ಕಾರಿಗೆ

ವಿದ್ಯುತ್ ಕಾರಿನ ವಿಷಯದಲ್ಲಿ ಕರ್ನಾಟಕ ಹೊಸಬನಲ್ಲ. ಬೆಂಗಳೂರಿನಲ್ಲಿ ತಯಾರಾದ ‘ರೇವಾ’ 2001ರಲ್ಲಿ ಮಾರುಕಟ್ಟೆಗೆ ಬಂದಿತು. ಸೀಸದ ಬ್ಯಾಟರಿಯ ಆ ಪುಟ್ಟ ಕಾರಿನ ತೂಕ ಮುಕ್ಕಾಲು ಟನ್ನಿನಷ್ಟು. ವೇಗ ಗಂಟೆಗೆ 80 ಕಿಲೋಮೀಟರಿನಷ್ಟು. ಅದನ್ನು ನೋಡಿ ನಕ್ಕವರೇ ಹೆಚ್ಚು. ಅದೇ ಸಂಸ್ಥೆ 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ವಾಹನ ಮೇಳದಲ್ಲಿ ಇಬ್ಬರು ಕೂರುವ, ಕ್ರೀಡಾ ಶೈಲಿಯ ‘ಎನ್‌ಎಕ್ಸ್‌ಜಿ’ ಎಂಬ ಮಾದರಿಯನ್ನು ಪ್ರದರ್ಶಿಸಿತು. 2010ರಲ್ಲಿ ಮಹೀಂದ್ರ ಸಂಸ್ಥೆ ರೇವಾವನ್ನು ಕೊಂಡಿತು.

ಅಷ್ಟರಲ್ಲಿ ಅಮೆರಿಕದ ಟೆಸ್ಲಾ ಸಂಸ್ಥೆಯ ರೋಡ್‌ಸ್ಟರ್ 2008ರಿಂದಲೇ ರಸ್ತೆಗಿಳಿದಿತ್ತು. ಅದರ ಬ್ಯಾಟರಿಯ ತೂಕವೇ ಸುಮಾರು 450 ಕಿಲೋ. ಅದರ ಮುಂದಿನ ಟೈರಿನ ಅಳತೆ 175/55 ಆರ್ 16, ಹಿಂದಿನದು 225/45 ಆರ್ 17. ಮುಂದೆ ಕಿರಿದು, ಹಿಂದೆ ಅಗಲ. ಮೋಟಾರಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ ಹೋಗುತ್ತಿದ್ದುದರಿಂದ ಹಿಂದಿನ ಟೈರುಗಳು ಬೇಗ ಸವೆಯುತ್ತಿದ್ದವು. ಅಳತೆ ಬೇರೆಯಾದ್ದರಿಂದ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸಿ ಸವೆತವನ್ನು ಹಂಚುವ ಹಳೆಯ ಉಪಾಯವೂ ನಡೆಯುತ್ತಿರಲಿಲ್ಲ. 2025ರ ಜುಲೈಯಲ್ಲಿ ಭಾರತದ ಮಾರುಕಟ್ಟೆಗೆ ಬಂದ ಎಂ.ಜಿ. ಸೈಬರ್‌ಸ್ಟರ್ ಎಂಬ ವಿದ್ಯುತ್ ಸ್ಪೋರ್ಟ್ಸ್ ಕಾರಿನಲ್ಲಿ ಕೂರಲು ಇಬ್ಬರಿಗೆ ಮಾತ್ರ ಜಾಗ. ತೂಕ ಸುಮಾರು ಎರಡು ಟನ್. ಇಬ್ಬರನ್ನು ಒಯ್ಯಲು ರೇವಾ ಮುಕ್ಕಾಲು ಟನ್ ತೂಗಿದರೆ ಇಂದಿನ ಕಾರು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಈ ಭಾರವನ್ನು ಹೊರುವುದು ಟೈರು.

ವಿದ್ಯುತ್ ಮೋಟಾರಿಗೆ ಇನ್ನೊಂದು ಗುಣವಿದೆ. ನಿಂತ ಸ್ಥಿತಿಯಿಂದಲೇ ಅದು ತನ್ನ ಪೂರ್ಣ ತಿರುಚುಬಲವನ್ನು ಕೊಡಬಲ್ಲದು. ಕಾಲನ್ನು ಜೋರಾಗಿ ಒತ್ತಿದ ಕ್ಷಣವೇ ರಬ್ಬರು ನೆಲಕ್ಕೆ ಉಜ್ಜುತ್ತದೆ. ಕಾಲು ತೆಗೆದಾಗ ಮೋಟಾರು ಜನರೇಟರಿನಂತೆ ವರ್ತಿಸಿ ಅದೇ ಚಕ್ರಗಳ ಮೂಲಕ ಕಾರನ್ನು ತಡೆಯುತ್ತದೆ. ಇದರಿಂದ ಬ್ರೇಕಿನ ಧೂಳು ಕಡಿಮೆಯಾಗುವುದು ನಿಜವಾದ ಲಾಭ. ಆದರೆ ಎಳೆಯುವ ಕೆಲಸ, ತಡೆಯುವ ಕೆಲಸ ಎರಡೂ ಅದೇ ಟೈರಿನ ಮೇಲೆ ಬೀಳುತ್ತವೆ.

ಯಾವ ಟೈರನ್ನು ಆರಿಸಬೇಕು

ಬದಲಿ ಟೈರು ಕೊಳ್ಳುವವನು ಮೊದಲು ನೋಡಬೇಕಾದದ್ದು ಭಾರದ ಸೂಚ್ಯಂಕ. ಟೈರಿನ ಪಕ್ಕೆಯ ಮೇಲೆ ಅಳತೆಯ ನಂತರ ಕೆತ್ತಿರುವ ಅಂಕೆ ಅದು. 91 ಎಂದರೆ ಒಂದು ಟೈರು 615 ಕಿಲೋ ಹೊರಬಲ್ಲದು, 100 ಎಂದರೆ 800 ಕಿಲೋ. ಅಳತೆ ಒಂದೇ ಆದರೂ ಈ ಅಂಕೆ ಬೇರೆಯಿರಬಹುದು. ವಿದ್ಯುತ್ ಕಾರಿಗೆ ತಯಾರಕರು ಸೂಚಿಸಿದ್ದಕ್ಕಿಂತ ಕಡಿಮೆ ಸೂಚ್ಯಂಕದ ಅಗ್ಗದ ಟೈರನ್ನು ಹಾಕಿಸುವುದು ಎತ್ತಿನ ಗಾಡಿಗೆ ಆನೆಯ ಹೊರೆ ಹೇರಿದಂತೆ. ಇದರಲ್ಲಿ ರಾಜಿ ಸಲ್ಲದು.

ಎರಡನೆಯದು ವೇಗದ ಅಕ್ಷರ. ‘ವಿ’ ಎಂದರೆ ಗಂಟೆಗೆ 240 ಕಿಲೋಮೀಟರ್, ‘ಡಬ್ಲ್ಯೂ’ ಎಂದರೆ 270, ‘ವೈ’ ಎಂದರೆ 300. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಕಾರುಗಳಿಗೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನಿಗದಿಪಡಿಸಿದ ಗರಿಷ್ಠ ವೇಗ 120. ಸಾಮಾನ್ಯ ರಸ್ತೆಗಳ ಮಿತಿ ಇದಕ್ಕಿಂತ ಬಹಳ ಕಡಿಮೆ. ಹೀಗಿರುವಾಗ ಸ್ಪರ್ಧಾಕಣದ ಹಿಡಿತಕ್ಕಾಗಿ ಮಾಡಿದ ಮೆತ್ತನೆಯ ರಬ್ಬರಿನ ಟೈರು ಊರ ರಸ್ತೆಯಲ್ಲಿ ಯಾವ ಕೆಲಸಕ್ಕೆ? ಕಾರಿಗೆ ವಿಧಿಸಿದ ವೇಗದ ದರ್ಜೆಯನ್ನು ಕೆಳಗಿಳಿಸಬಾರದೆಂಬುದು ಸುರಕ್ಷತೆಯ ಮಾತು. ಆದರೆ ಒಂದೇ ದರ್ಜೆಯೊಳಗೆ ಮೆತ್ತನೆಯದೂ ಉಂಟು, ಬಾಳಿಕೆಯದೂ ಉಂಟು. ಅಮೆರಿಕದ ಪದ್ಧತಿಯಂತೆ ಅನೇಕ ಟೈರುಗಳ ಪಕ್ಕೆಯ ಮೇಲೆ ‘ಟ್ರೆಡ್‌ವೇರ್’ ಎಂಬ ಪದದ ಜೊತೆ ಒಂದು ಸಂಖ್ಯೆ ಇರುತ್ತದೆ. 200 ಅಥವಾ ಅದಕ್ಕೂ ಕಡಿಮೆಯಿದ್ದರೆ ಅದು ಹಿಡಿತಕ್ಕಾಗಿ ಬಾಳಿಕೆಯನ್ನು ಬಿಟ್ಟುಕೊಟ್ಟ ಟೈರು. 400ರ ಆಸುಪಾಸಿನದು ನಿತ್ಯದ ಓಡಾಟಕ್ಕೆ ಮಾಡಿದ್ದು. ಆ ಸಂಖ್ಯೆಯನ್ನು ನೀಡುವವರು ತಯಾರಕರೇ ಆದ್ದರಿಂದ ಅದನ್ನು ಅಂತಿಮ ತೀರ್ಪೆಂದು ತಿಳಿಯದೆ ದಿಕ್ಕು ತೋರುವ ಗುರುತೆಂದು ತಿಳಿದರೆ ಸಾಕು.

ಮೂರನೆಯದು ಉರುಳುವ ಪ್ರತಿರೋಧ. ಟೈರು ಉರುಳುವಾಗ ಕ್ಷಣಕ್ಷಣವೂ ಅಮುಕಿ ಬಿಡುತ್ತದೆ. ಆಗ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಇದು ಕಡಿಮೆಯಿದ್ದಷ್ಟೂ ಒಂದು ಸಲ ತುಂಬಿಸಿದ ಬ್ಯಾಟರಿಯಲ್ಲಿ ಹೆಚ್ಚು ದೂರ ಹೋಗಬಹುದು. ನಾಲ್ಕನೆಯದು ಒದ್ದೆ ರಸ್ತೆಯ ಹಿಡಿತ. ಮಳೆಯಲ್ಲಿ ಜೀವ ಉಳಿಸುವ ಗುಣವಾದ್ದರಿಂದ ಇದನ್ನು ಬಾಳಿಕೆಗಾಗಿಯೂ ಬಲಿಗೊಡಬಾರದು. ಸಿಲಿಕಾ ಬೆರೆಸಿದ ರಬ್ಬರು ಈ ಎರಡನ್ನೂ ತಕ್ಕಮಟ್ಟಿಗೆ ಒಟ್ಟಿಗೆ ಸಾಧಿಸುತ್ತದೆ.

ಐದನೆಯದು ಅಗಲ. ಅಗಲವಾದ ಟೈರು ನೋಟಕ್ಕೆ ಗತ್ತು ಕೊಡುತ್ತದೆ. ಜೊತೆಗೆ ಸಾಮಾನ್ಯವಾಗಿ ಪ್ರತಿರೋಧ, ಸದ್ದು ಮತ್ತು ಬೆಲೆಯನ್ನೂ ಹೆಚ್ಚಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಟೈರಿಗೂ ಸಲ್ಲುತ್ತದೆ. ತಯಾರಕರು ಒಪ್ಪಿದ ಅಳತೆಗಳಲ್ಲಿ ಕಿರಿದಾದದ್ದೇ ಹಳ್ಳಿಯ ರಸ್ತೆಗೆ ಮೇಲು. ಪಕ್ಕೆ ತೀರ ತಗ್ಗಾದ ಟೈರು ಒಂದು ಗುಂಡಿಗೆ ಬಿದ್ದರೆ ಸಾಕು, ಟೈರಿನೊಡನೆ ಚಕ್ರವೂ ಕೆಡಬಹುದು. ಸದ್ದಡಗಿಸಲು ಒಳಗೆ ಸ್ಪಂಜಿನಂಥ ಪದರ ಅಂಟಿಸಿದ ಟೈರುಗಳೂ ಬಂದಿವೆ. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದರೆ ಆ ಪದರವನ್ನು ಕೆರೆದು ತೆಗೆಯದೆ ತೇಪೆ ಹಾಕಲಾಗದು. ಊರ ಪಂಚರ್ ಅಂಗಡಿಯಲ್ಲಿ ಅಂಥ ಟೈರಿಗೆ ಸುಲಭದ ಪರಿಹಾರವಿಲ್ಲ.

ಮಿಡಿಗೇಶಿಯ ಲೆಕ್ಕ

ಜರ್ಮನಿಯ ವಾಹನ ಸವಾರರ ಸಂಘವಾದ ಎ.ಡಿ.ಎ.ಸಿ. 2021ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ಪ್ರಕಾರ ಒಂದು ಕಾರಿನ ನಾಲ್ಕು ಟೈರುಗಳು ಸೇರಿ 1000 ಕಿಲೋಮೀಟರಿಗೆ ಸರಾಸರಿ ಸುಮಾರು 120 ಗ್ರಾಂ ಸವೆಯುತ್ತವೆ. ಒಂದೇ ಅಳತೆಯ ಟೈರುಗಳಲ್ಲಿಯೂ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬಹಳ ಅಂತರ ಕಂಡುಬಂದಿತು. ಆಯ್ಕೆಗೆ ಅರ್ಥವಿರುವುದು ಈ ಅಂತರದಿಂದಲೇ. ಭಾರದ ಕಾರು, ಜೋರಿನ ಚಾಲನೆ, ಮೆತ್ತನೆಯ ರಬ್ಬರು ಮೂರೂ ಕೂಡಿದರೆ ಸವೆತ ಸರಾಸರಿಯನ್ನು ಮೀರುತ್ತದೆ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆ ಮಿಡಿಗೇಶಿಯ ಕೋಟೆ ಬೆಟ್ಟದ ಬದಿಯಲ್ಲಿ ಸಾಗುತ್ತದೆ. ಇಂಥ ರಸ್ತೆಯಲ್ಲಿ ದಿನಕ್ಕೆ 1000 ಕಾರುಗಳು ಓಡುತ್ತವೆಂದು ಊಹಿಸಿಕೊಂಡರೆ, ಸರಾಸರಿ ಸವೆತದ ಲೆಕ್ಕದಲ್ಲಿಯೇ ಒಂದು ಕಿಲೋಮೀಟರ್ ಉದ್ದದ ರಸ್ತೆಗೆ ದಿನಕ್ಕೆ 120 ಗ್ರಾಂ, ವರ್ಷಕ್ಕೆ ಸುಮಾರು 44 ಕಿಲೋ ರಬ್ಬರಿನ ಪುಡಿ ಬೀಳುತ್ತದೆ. ಲಾರಿ, ಬಸ್ಸುಗಳ ಪಾಲು ಇದರ ಮೇಲೆ. ಪುಡಿಯ ಸ್ವಲ್ಪ ಭಾಗ ಗಾಳಿಯಲ್ಲಿ ತೇಲುತ್ತದೆ. ಬಹುಪಾಲು ರಸ್ತೆಯ ಅಂಚಿನಲ್ಲಿಯೇ ನೆಲೆಸುತ್ತದೆ.

ಬೇಸಿಗೆಯುದ್ದಕ್ಕೂ ಅಂಚಿನಲ್ಲಿ ಕೂಡಿದ ಈ ಪುಡಿಯನ್ನು ಭರಣಿಯ ಮೊದಲ ಬಿರುಮಳೆ ಒಂದೇ ಸಲಕ್ಕೆ ತೊಳೆದು ಚರಂಡಿಗೆ ಒಯ್ಯುತ್ತದೆ. ಚರಂಡಿ ಹಳ್ಳಕ್ಕೆ, ಹಳ್ಳ ಕೆರೆಗೆ ಸೇರುತ್ತದೆ. ಮಲೆನಾಡಿನಲ್ಲಾದರೆ ನದಿ ಅದನ್ನು ಸಮುದ್ರಕ್ಕೆ ಒಯ್ದೀತು. ಬಯಲುಸೀಮೆಯ ಕೆರೆ ಕೋಡಿ ಬೀಳುವುದು ಎಷ್ಟೋ ವರ್ಷಗಳಿಗೊಮ್ಮೆ. ನೀರು ಆವಿಯಾಗಿ ಹೋಗುತ್ತದೆ; ನೀರಿನೊಡನೆ ಬಂದದ್ದು ಹೂಳಿನಲ್ಲಿ ಉಳಿಯುತ್ತದೆ. ಆ ಹೂಳನ್ನು ರೈತರು ಬೇಸಿಗೆಯಲ್ಲಿ ಗಾಡಿ, ಟ್ರಾಕ್ಟರುಗಳಲ್ಲಿ ತಂದು ಕಡಲೆಕಾಯಿ, ರಾಗಿ ಹೊಲಗಳಿಗೆ ಹರಡುತ್ತಾರೆ. ತಲೆಮಾರುಗಳಿಂದ ನಡೆದುಬಂದ, ಇಂದಿಗೂ ಬಿಡಬಾರದ ಒಳ್ಳೆಯ ಪದ್ಧತಿ ಇದು. ಕೆರೆಯ ಹೂಳು ಮಣ್ಣಿಗೆ ನೀರು ಹಿಡಿಯುವ ಶಕ್ತಿ ಕೊಡುತ್ತದೆ. ಅದೇ ದಾರಿಯಲ್ಲಿ ರಸ್ತೆಯ ರಬ್ಬರೂ ಹೊಲ ಸೇರಬಾರದೆಂಬುದೇ ಇಲ್ಲಿಯ ಕಳಕಳಿ.

ಪುಡಿಯೊಳಗೆ ಇರುವುದು

ಟೈರು ಬರಿಯ ರಬ್ಬರಲ್ಲ. ಅದರಲ್ಲಿ ಪೆಟ್ರೋಲಿಯಂ ಮೂಲದ ಕೃತಕ ರಬ್ಬರು, ಇಂಗಾಲದ ಕಪ್ಪು, ಗಂಧಕ, ಸತುವಿನ ಆಕ್ಸೈಡು ಮತ್ತು ಹಲವು ರಾಸಾಯನಿಕಗಳಿವೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐ.ಯು.ಸಿ.ಎನ್. 2017ರಲ್ಲಿ ಪ್ರಕಟಿಸಿದ ವರದಿ, ಸಮುದ್ರ ಸೇರುವ ಪ್ರಾಥಮಿಕ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ ಟೈರಿನ ಪಾಲು ಶೇಕಡ 28 ಎಂದು ಅಂದಾಜು ಮಾಡಿತು.

ರಾಸಾಯನಿಕಗಳಲ್ಲಿ 6-ಪಿಪಿಡಿ ಎಂಬುದೊಂದು. ಗಾಳಿಯಲ್ಲಿರುವ ಓಜೋನಿನಿಂದ ರಬ್ಬರು ಬಿರುಕು ಬಿಡದಂತೆ ಅದು ಕಾಯುತ್ತದೆ. ಹಾಗೆ ಕಾಯುವಾಗ ಅದೇ ಓಜೋನಿನೊಡನೆ ಕೂಡಿ 6-ಪಿಪಿಡಿ ಕ್ವಿನೋನ್ ಎಂಬ ಬೇರೆಯ ವಸ್ತುವಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆ ಬಂದಾಗಲೆಲ್ಲ ನಗರದ ತೊರೆಗಳಲ್ಲಿ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ವರ್ಷಗಳ ಹುಡುಕಾಟದ ನಂತರ 2020ರ ಕೊನೆಯಲ್ಲಿ ಅಲ್ಲಿನ ಸಂಶೋಧಕರು ಕಾರಣವನ್ನು ಪ್ರಕಟಿಸಿದರು. ಟೈರಿನ ಪುಡಿಯಿಂದ ಸೋರಿದ ಈ ಕ್ವಿನೋನ್ ಅತ್ಯಲ್ಪ ಪ್ರಮಾಣದಲ್ಲಿಯೇ ಅವುಗಳನ್ನು ಕೊಲ್ಲುತ್ತಿತ್ತು. ಎಲ್ಲ ಮೀನುಗಳೂ ಇದಕ್ಕೆ ಬಲಿಯಾಗುವುದಿಲ್ಲ. ಜೀಬ್ರಾ ಮೀನು ತಾಳಿಕೊಳ್ಳುತ್ತದೆ. ಆದ್ದರಿಂದ ಊರ ಕೆರೆಯ ಮೀನೆಲ್ಲ ಸಾಯುತ್ತದೆಂದು ಹೆದರಿಸುವುದು ವಿಜ್ಞಾನವಲ್ಲ. ಹಾಗೆಂದು ಕಣ್ಣು ಮುಚ್ಚಿ ಕೂರುವುದೂ ವಿವೇಕವಲ್ಲ. ಆಸ್ಟ್ರಿಯಾದ ವಿಯೆನ್ನಾ ವಿಶ್ವವಿದ್ಯಾಲಯದವರು ಲೆಟ್ಯೂಸ್ ಸೊಪ್ಪನ್ನು ಪೋಷಕಾಂಶದ ನೀರಿನಲ್ಲಿ ಬೆಳೆಸಿ ಪರೀಕ್ಷಿಸಿದಾಗ ಟೈರಿನ ಹಲವು ರಾಸಾಯನಿಕಗಳನ್ನು ಬೇರು ಹೀರಿ ಎಲೆಗೆ ಸಾಗಿಸುವುದು ಕಂಡುಬಂದಿತು. ರಸ್ತೆಯಂಚಿನ ಕಾಲುವೆಯ ನೀರಿನಲ್ಲಿ ಸೊಪ್ಪು ಬೆಳೆಯುವವರಿಗೆ ಇದು ಸಂಬಂಧಪಟ್ಟ ಸಂಗತಿ.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ. ಬಯಲುಸೀಮೆಯ ಅನೇಕ ಹೊಲಗಳಲ್ಲಿ ಸತುವಿನ ಕೊರತೆಯಿದೆ, ಟೈರಿನಲ್ಲಿ ಸತುವಿದೆ, ಹಾಗಾದರೆ ಆ ಪುಡಿ ಗೊಬ್ಬರವೇ ಆಯಿತಲ್ಲವೆ? ಲೆಕ್ಕ ಹಾಕಿ ನೋಡಬಹುದು. ಕೊರತೆಯಿರುವ ಮಣ್ಣಿಗೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ಶಿಫಾರಸು ಮಾಡುವುದು ವಾಡಿಕೆ. ಅದರಲ್ಲಿ ಸತು ಸುಮಾರು 2.1 ಕಿಲೋ. ಟೈರಿನ ಮೇಲ್ಪದರದಲ್ಲಿ ಸತು ಶೇಕಡ ಒಂದರಷ್ಟೆಂದು ಹಿಡಿದರೆ 1000 ಕಿಲೋಮೀಟರಿನ ಸವೆತದಲ್ಲಿ ದೊರೆಯುವುದು 1.2 ಗ್ರಾಂ. ಒಂದು ಎಕರೆಗೆ ಬೇಕಾದಷ್ಟು ಸತು ಉದುರಲು ಕಾರು ಹದಿನೇಳೂವರೆ ಲಕ್ಷ ಕಿಲೋಮೀಟರ್ ಓಡಬೇಕು. ಅದರೊಡನೆ 200 ಕಿಲೋಗೂ ಹೆಚ್ಚು ರಬ್ಬರಿನ ಪುಡಿಯನ್ನು ಹೊಲಕ್ಕೆ ಸುರಿದಂತಾಗುತ್ತದೆ. ಹೊಲಕ್ಕೆ ಇದರಿಂದ ಪ್ರಯೋಜನವಿಲ್ಲ. ನೀರಿನ ಸಣ್ಣ ಜೀವಿಗಳಿಗಾದರೋ ಅಲ್ಪ ಸತುವೂ ಹಾನಿಕರ.

ಎರಡು ತುದಿಗಳು

ಬೇಗ ಸವೆಯುವ ಟೈರಿನ ಹೊರೆ ರಸ್ತೆಯಲ್ಲಿಯೇ ಮುಗಿಯುವುದಿಲ್ಲ. ಅದರ ಒಂದು ತುದಿ ಪಶ್ಚಿಮ ಘಟ್ಟದಲ್ಲಿದೆ. 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳ ಪುನರ್ವಸತಿಗಾಗಿ ಸುಳ್ಯ, ಪುತ್ತೂರು ಕಡೆಯ ಅರಣ್ಯಭೂಮಿಯಲ್ಲಿ ರಬ್ಬರು ತೋಟಗಳು ಬೆಳೆದವು. ಇಂದು ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ವಶದಲ್ಲಿವೆ. ಆ ಕುಟುಂಬಗಳ ಅನ್ನವನ್ನು ದೂಷಿಸುವಂತಿಲ್ಲ. ಆದರೆ ಅರ್ಧ ಕಾಲ ಬಾಳುವ ಟೈರಿಗೆ ಎರಡು ಪಟ್ಟು ರಬ್ಬರು ಬೇಕೆಂಬುದನ್ನು ಘಟ್ಟದ ಕಾಡು ಬಲ್ಲದು.

ಇನ್ನೊಂದು ತುದಿ ಹಳೆಯ ಟೈರು. ಮಳೆನೀರು ನಿಂತ ಟೈರು ಡೆಂಗ್ಯೂ ಹರಡುವ ಸೊಳ್ಳೆಗೆ ತೊಟ್ಟಿಲು. ಚಳಿಗೆ, ಪ್ರತಿಭಟನೆಗೆ, ಕೆಲವೆಡೆ ಆಲೆಮನೆಯ ಒಲೆಗೂ ಟೈರನ್ನು ಸುಡುವುದುಂಟು. ಆ ಕಪ್ಪು ಹೊಗೆಯನ್ನು ಉಸಿರಾಡುವವರು ಟೈರು ಕೊಂಡವರಲ್ಲ. 2022ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ನಿಯಮದಂತೆ ಹಳೆಯ ಟೈರುಗಳ ಮರುಬಳಕೆಯ ಹೊಣೆ ತಯಾರಕರ ಮತ್ತು ಆಮದುದಾರರ ಮೇಲಿದೆ. ಹೊಸ ಟೈರು ಹಾಕಿಸುವಾಗ ಹಳೆಯದು ಎಲ್ಲಿಗೆ ಹೋಗುತ್ತದೆಂದು ಅಂಗಡಿಯಲ್ಲಿ ಕೇಳುವುದು ಈಗ ಗ್ರಾಹಕನ ಹಕ್ಕಿನ ಮಾತು.

ಆಗಬೇಕಾದದ್ದು

ದುಬಾರಿ ಸ್ಪೋರ್ಟ್ಸ್ ಕಾರುಗಳು ಎಷ್ಟಿವೆ, ಧೂಳಿನ ದೊಡ್ಡ ಪಾಲು ಲಾರಿ, ಬಸ್ಸುಗಳದಲ್ಲವೆ ಎಂದು ಕೇಳಬಹುದು. ನಿಜ. ಆದರೆ ಲಾರಿಯವನು ಹೊಟ್ಟೆಪಾಡಿಗೆ ಓಡಿಸುತ್ತಾನೆ. ಅವನಿಗೆ ಬಾಳಿಕೆಯ ಟೈರೇ ಬೇಕು. ಹಣವಿದ್ದು, ಆಯ್ಕೆಯಿದ್ದು, ಪರಿಸರದ ಹೆಸರಿನಲ್ಲಿಯೇ ವಾಹನ ಕೊಂಡವನು ಮಾತ್ರ ಮೆತ್ತನೆಯ ಟೈರಿನ ಸುಖವನ್ನು ಆರಿಸಬಲ್ಲ. ಆದ್ದರಿಂದ ಪ್ರಶ್ನೆಯನ್ನು ಮೊದಲು ಅವನಿಗೇ ಹಾಕಬೇಕಾಗುತ್ತದೆ. ಹಳ್ಳಿಗಳಿಗೂ ಬಂದಿರುವ ವಿದ್ಯುತ್ ಸ್ಕೂಟರುಗಳಿಗೂ ಇದೇ ವಿವೇಕ ಸಲ್ಲುತ್ತದೆ.

ಇದರಲ್ಲಿ ನ್ಯಾಯದ ಮಾತೂ ಅಡಗಿದೆ. ಪಾವಗಡದ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ರೈತರು ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟುದರಿಂದ 2,050 ಮೆಗಾವಾಟ್ ಸೌರ ಉದ್ಯಾನ ಎದ್ದು ನಿಂತಿತು. 2019ರ ಕೊನೆಗೆ ಅದು ಪೂರ್ಣ ಸಾಮರ್ಥ್ಯ ತಲುಪಿತು. ಶುದ್ಧ ವಿದ್ಯುತ್ತಿಗಾಗಿ ತನ್ನ ನೆಲವನ್ನೇ ಬಿಟ್ಟುಕೊಟ್ಟ ಸೀಮೆಗೆ, ಆ ವಿದ್ಯುತ್ತಿನ ಹೆಸರಿನಲ್ಲಿ ಓಡುವ ಕಾರಿನ ಧೂಳು ಮರಳಿ ಬರಬಾರದು.

ಸರ್ಕಾರದ ಮಟ್ಟದಲ್ಲಿ ಆಗಬೇಕಾದದ್ದು ಸ್ಪಷ್ಟವಾಗಿದೆ. 2022ರ ಜೂನ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಟೈರುಗಳ ಉರುಳುವ ಪ್ರತಿರೋಧ, ಒದ್ದೆ ಹಿಡಿತ, ಸದ್ದು ಈ ಮೂರಕ್ಕೆ ಮಾನದಂಡಗಳನ್ನು ಅಧಿಸೂಚಿಸಿತು. ಸವೆತ ಆ ಪಟ್ಟಿಯಲ್ಲಿ ಇರಲಿಲ್ಲ. ಯುರೋಪಿನ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ‘ಯೂರೋ 7’ ನಿಯಮದಲ್ಲಿ ಟೈರಿನ ಸವೆತಕ್ಕೂ ಮಿತಿ ಹಾಕಲು ಅವಕಾಶ ಮಾಡಿದೆ. ಅಂಥ ಅಳತೆ ಇಲ್ಲಿಯೂ ಕಡ್ಡಾಯವಾಗಿ, ಸವೆತದ ಪ್ರಮಾಣ ಪ್ರತಿ ಟೈರಿನ ಚೀಟಿಯ ಮೇಲೆ ಅಚ್ಚಾಗಬೇಕು. ಚೀಟಿಯಿಲ್ಲದೆ ಕೊಳ್ಳುವವನ ವಿವೇಕಕ್ಕೆ ಆಧಾರವಿಲ್ಲ.

ಗ್ರಾಮದ ಮಟ್ಟದಲ್ಲಿ ಮಾಡಬಹುದಾದ ಕೆಲಸಕ್ಕೆ ನಿಯಮಕ್ಕಾಗಿ ಕಾಯಬೇಕಿಲ್ಲ. ಸಾಲ್ಮನ್ ಮೀನನ್ನು ಕೊಲ್ಲುತ್ತಿದ್ದ ಅದೇ ರಸ್ತೆಯ ನೀರನ್ನು ಮರಳು, ಗೊಬ್ಬರ, ಮರದ ತೊಗಟೆ ಬೆರೆಸಿದ ಮಣ್ಣಿನ ಪದರದ ಮೂಲಕ ಸೋಸಿ ಬಿಟ್ಟಾಗ ಮೀನುಗಳು ಬದುಕಿದವೆಂದು ವಾಷಿಂಗ್ಟನ್ ರಾಜ್ಯದ ಸಂಶೋಧಕರು 2015ರಲ್ಲಿಯೇ ತೋರಿಸಿದ್ದಾರೆ. ರಸ್ತೆಯ ಚರಂಡಿ ಕೆರೆಯ ಕಾಲುವೆಯನ್ನು ಸೇರುವ ಕಡೆ ಹುಲ್ಲು ಬೆಳೆದ ಅಗಲವಾದ ಗುಂಡಿಯೊಂದನ್ನು ತೋಡಿ, ಮೊದಲ ಮಳೆಯ ನೀರು ಅದರಲ್ಲಿ ಇಂಗಿ ಸೋಸಿ ಹೋಗುವಂತೆ ಮಾಡುವುದು ಪಂಚಾಯತಿಯ ಕೈಗೆ ಎಟಕುವ ಕೆಲಸ. ಕುಡಿಯುವ ನೀರಿನ ಬಾವಿ, ಕೊಳವೆಬಾವಿಗಳಿಂದ ಅದು ದೂರವಿರಬೇಕು. ಗುಂಡಿಯಲ್ಲಿ ನಿಂತ ಹೂಳನ್ನು ಪ್ರತ್ಯೇಕವಾಗಿ ತೆಗೆಯಬೇಕು. ಅದನ್ನು, ಚರಂಡಿಯ ಬಾಯಿಯಲ್ಲಿ ಕೂಡಿದ ಕಪ್ಪು ಹೂಳನ್ನು ಹೊಲಕ್ಕೆ, ಅದರಲ್ಲಿಯೂ ಸೊಪ್ಪು ತರಕಾರಿಯ ಮಡಿಗೆ, ಹಾಕಬಾರದು. ಕೆರೆಯ ನಡುವಿನ ಹೂಳನ್ನು ಹಿಂದಿನಂತೆಯೇ ಬಳಸಬಹುದು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಊರಿನ ರಸ್ತೆಯಲ್ಲಿ ದಿನಕ್ಕೆ ಎಷ್ಟು ವಾಹನಗಳು ಓಡುತ್ತವೆ, ಯಾವ ಚರಂಡಿ ಯಾವ ಕೆರೆಗೆ ಸೇರುತ್ತದೆ ಎಂಬುದನ್ನು ಎಣಿಸಿ, ನಕ್ಷೆ ಬರೆದು ಗ್ರಾಮಸಭೆಯ ಮುಂದಿಡಬಹುದು. ಕಾರುಳ್ಳವರ ಮನೆಯ ಮಕ್ಕಳಾದರೆ ತಿಂಗಳಿಗೊಮ್ಮೆ ಟೈರಿನ ಗಾಳಿಯನ್ನು ಅಳೆಯಿಸಬಹುದು. ಗಾಳಿ ಕಡಿಮೆಯಾದ ಟೈರು ಬೇಗ ಸವೆಯುತ್ತದೆ, ವಿದ್ಯುತ್ತನ್ನೂ ಹೆಚ್ಚು ತಿನ್ನುತ್ತದೆ. ಗೆರೆಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನಂತೆ ಟೈರನ್ನು ಬದಲಿಸಲೇಬೇಕು. ಆ ದಿನ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಈ ಟೈರು ಎಷ್ಟು ಭಾರ ಹೊರುತ್ತದೆ, ಎಷ್ಟು ಕಾಲ ಬಾಳುತ್ತದೆ, ಹಳೆಯದು ಎಲ್ಲಿಗೆ ಹೋಗುತ್ತದೆ. ಎಷ್ಟು ವೇಗ ತಾಳುತ್ತದೆಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಈ ಮೂರನ್ನು ಕೇಳುವವರು ಹೆಚ್ಚಿದರೆ ಅಂಗಡಿಯವನೂ, ಅವನ ಮೂಲಕ ಕಾರ್ಖಾನೆಯವನೂ ಉತ್ತರವನ್ನು ಸಿದ್ಧವಿಟ್ಟುಕೊಳ್ಳಬೇಕಾಗುತ್ತದೆ.